ಬಾಟಲಿ ಕೊಡುವ ಅಜ್ಜ

ಸೈಕಲ್ ರೇಸಿನ ಫೋಟೊಗಳಲ್ಲಿ ಓಡಿಸುವವರಷ್ಟೇ ಕಾಣುತ್ತಾರೆ. ಕೆಲವು ಫೋಟೊಗಳ ಅಂಚಿನಲ್ಲಿ ಮಾತ್ರ ಒಂದು ಕೈ ಬಂದಿರುತ್ತದೆ, ಆ ಕೈಯಲ್ಲೊಂದು ನೀರಿನ ಬಾಟಲಿ. ಕಳೆದ ಡಿಸೆಂಬರಿನಲ್ಲಿ ಮೂರು ದಿನ ಆ ಕೈ ನನ್ನದಾಗಿತ್ತು.

ನನ್ನ ಮೊಮ್ಮಗಳಿಗೆ ಈಗ ಹದಿನಾರು ವರ್ಷ. ನಾವು ಬಾಗಲಕೋಟೆಯ ನವನಗರದವರು. ನಮ್ಮ ಕಡೆ ಸೈಕಲ್ ರೇಸ್ ಅಂದರೆ ಹೊಸದೇನೂ ಅಲ್ಲ. ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಹಳ್ಳಿಗಳ ಜಾತ್ರೆಯಲ್ಲಿ ತೆರಬಂಡಿ ಹೇಗೋ ಸೈಕಲ್ ಓಟವೂ ಹಾಗೆಯೇ. ಹೊಲಮನೆಯ ಮಕ್ಕಳು ರಾಷ್ಟ್ರಮಟ್ಟದವರೆಗೆ ಹೋಗಿ ಪದಕ ತಂದಿದ್ದಾರೆ, ಅದರ ಮೇಲೆ ರೈಲ್ವೆಯಂಥ ಕಡೆ ನೌಕರಿಯನ್ನೂ ಹಿಡಿದಿದ್ದಾರೆ. ಉದ್ದಕ್ಕೆ ಚಾಚಿದ ಬಯಲು ರಸ್ತೆ, ಮೈಮೇಲೆ ಬರುವ ಗಾಳಿ, ಉರಿಬಿಸಿಲು. ಇವೆಲ್ಲ ಪುಕ್ಕಟೆ ತರಬೇತಿ ಕೊಡುತ್ತವೆ ಎಂದು ಹಿರಿಯ ಸವಾರರು ಹೇಳುವುದನ್ನು ಕೇಳಿದ್ದೇನೆ.

ನನಗೆ ಸೈಕಲ್ ಅಂದರೆ ಬ್ಯಾಂಕಿಗೆ ಹೋಗುವ ಸೈಕಲ್. ಬಿ.ಕಾಂ. ಮುಗಿಸಿ ಕ್ಲಾರ್ಕ್ ಆಗಿ ಸೇರಿದಾಗ ಮೊದಲ ಪಗಾರದಲ್ಲಿ ಒಂದು ಕರಿಯ ಸೈಕಲ್ ಕೊಂಡೆ. ಆ ಕಾಲದಲ್ಲಿ ಸೈಕಲ್ಲಿಗೂ ಪುರಸಭೆಗೆ ತೆರಿಗೆ ಕಟ್ಟಿ ತಗಡಿನ ಬಿಲ್ಲೆ ಹಾಕಿಸಬೇಕಿತ್ತು. ರಾತ್ರಿ ದೀಪ ಇಲ್ಲದೆ ಹೋದರೆ ಪೊಲೀಸರು ಗಾಲಿಯ ಹವಾ ಬಿಡುತ್ತಿದ್ದರು. ನನ್ನ ವಯಸ್ಸಿನ ಓದುಗರಿಗೆ ಇದು ನೆನಪಿರಬೇಕು. ಮಕ್ಕಳೇ, ನೀವು ನಿಮ್ಮ ಅಜ್ಜನನ್ನು ಕೇಳಿ ನೋಡಿ, ಒಂದಾದರೂ ಕಥೆ ಬಂದೇ ಬರುತ್ತದೆ.

ಮೂರು ದಿನದ ಆ ಸ್ಪರ್ಧೆ ನಡೆದದ್ದು ವಿಜಯಪುರದ ಹೊರಗಿನ ರಸ್ತೆಗಳಲ್ಲಿ. ಮೊದಲ ದಿನ ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡಿಸುವುದು, ಎರಡನೆಯ ದಿನ ಎಲ್ಲರೂ ಒಟ್ಟಿಗೆ ಹೊರಡುವ 54 ಕಿಲೊಮೀಟರ್, ಮೂರನೆಯ ದಿನ ಸಣ್ಣ ಸುತ್ತಿನಲ್ಲಿ ಇಪ್ಪತ್ತು ಸುತ್ತು. ಮೂರೂ ದಿನದ ಅಂಕ ಕೂಡಿಸಿ ಹುಡುಗಿಯರಲ್ಲಿ ನಾಲ್ವರನ್ನು ಮುಂದಿನ ಮಟ್ಟಕ್ಕೆ ಆರಿಸುತ್ತಾರೆ, ಇಬ್ಬರನ್ನು ಮೀಸಲು ಇಡುತ್ತಾರೆ. ನಮ್ಮ ತಂಡದಲ್ಲಿ ಐದು ಹುಡುಗಿಯರು, ಒಬ್ಬರು ಕೋಚ್, ಒಂದು ಬಾಡಿಗೆ ಜೀಪು. ನೀರು ಕೊಡಲು, ಊಟ ನೋಡಲು, ಬಟ್ಟೆ ಒಣಗಿಸಲು ಯಾರಾದರೂ ಮನೆಯವರು ಬಂದರೆ ಅನುಕೂಲ ಎಂದು ಕೋಚ್ ಹೇಳಿಕಳಿಸಿದ್ದರು. ಮಗನಿಗೆ ಗೊಬ್ಬರದ ಅಂಗಡಿ, ಸೊಸೆಗೆ ಶಾಲೆ. ಬಿಡುವಿದ್ದವನು ನಾನೊಬ್ಬನೇ.

"ಅಜ್ಜಾ, ನಿನಗ ಓಡ್ಲಿಕ್ಕೆ ಆಗ್ತದೇನು?" ಎಂದು ಮೊಮ್ಮಗಳು ಕೇಳಿದಳು.

"ನಾ ಯಾಕ ಓಡ್ಲಿ? ನೀ ಓಡ್ಸೋದು, ನಾ ನಿಂತಿರೋದು."

"ಇಲ್ಲಜ್ಜಾ, ಬಾಟ್ಲಿ ಕೊಡೂ ಮುಂದ ನಾಕ ಹೆಜ್ಜಿ ಓಡ್ಬೇಕಾಗ್ತದ."

ಅವಳು ಹೇಳಿದ್ದು ಸರಿ. ತಾಸಿಗೆ ಮೂವತ್ತು ಕಿಲೊಮೀಟರ್ ವೇಗದಲ್ಲಿ ಬರುವವರಿಗೆ ನಿಂತಲ್ಲೇ ನಿಂತು ಬಾಟಲಿ ಚಾಚಿದರೆ ಅದು ಕೈಗೆ ಕಲ್ಲಿನಂತೆ ಬಡಿಯುತ್ತದೆ. ಆದ್ದರಿಂದ ಬಾಟಲಿಯ ಮೇಲ್ಭಾಗವನ್ನು ಎರಡು ಬೆರಳಲ್ಲಿ ಹಗುರಾಗಿ ಹಿಡಿದು, ತೋಳು ಚಾಚಿ, ಸೈಕಲ್ ಹೋಗುವ ದಿಕ್ಕಿಗೇ ನಾಲ್ಕು ಹೆಜ್ಜೆ ಹಾಕಬೇಕು. ಸವಾರಳು ಬಾಟಲಿಯ ಹೊಟ್ಟೆಗೆ ಕೈ ಹಾಕುತ್ತಾಳೆ. ಅವಳು ಎಳೆದ ಕ್ಷಣವೇ ಬಿಟ್ಟುಬಿಡಬೇಕು, ಬಿಗಿ ಹಿಡಿದರೆ ಅವಳೇ ಬೀಳುತ್ತಾಳೆ. ಇದನ್ನು ನವನಗರದ ನಮ್ಮ ಓಣಿಯಲ್ಲಿ ವಾರವಿಡೀ ಅಭ್ಯಾಸ ಮಾಡಿದೆವು. ಅವಳ ತಮ್ಮ ಸೈಕಲ್ ಓಡಿಸುವುದು, ನಾನು ಬಾಟಲಿ ಚಾಚುವುದು. ಹದಿನಾಲ್ಕು ಸಲ ಬಾಟಲಿ ಗಟಾರದ ಪಾಲಾಯಿತು. ಎದುರುಮನೆಯ ಮಾಸ್ತರರು, ಅವರೂ ನಿವೃತ್ತರೇ, ಕಟ್ಟೆಯ ಮೇಲೆ ಕುಳಿತು ಜೋರಾಗಿ ಎಣಿಸುತ್ತಿದ್ದರು. ಹದಿನೈದನೆಯದು ಕೈಸೇರಿದಾಗ ಚಪ್ಪಾಳೆ ತಟ್ಟಿದವರೂ ಅವರೇ.

ಫ್ರಾನ್ಸಿನ ದೊಡ್ಡ ರೇಸ್ ಟೂರ್ ದ ಫ್ರಾನ್ಸ್ ಬಗ್ಗೆ ಮಕ್ಕಳು ಕೇಳಿರಬಹುದು. 1903ರಲ್ಲಿ ಒಂದು ಪತ್ರಿಕೆಯವರು ತಮ್ಮ ಮಾರಾಟ ಹೆಚ್ಚಿಸಿಕೊಳ್ಳಲು ಶುರುಮಾಡಿದ್ದು. ಈಗ ಅದರಲ್ಲಿ 21 ಹಂತಗಳು, ಮೂರು ವಾರ. ಆ ರೇಸಿನಲ್ಲಿ ಸವಾರರಿಗೆ ಊಟ, ನೀರು, ಅಂಗಮರ್ದನ ಎಲ್ಲ ನೋಡಿಕೊಳ್ಳುವವನಿಗೆ ಫ್ರೆಂಚಿನಲ್ಲಿ ಒಂದು ಹೆಸರಿದೆ, 'ಆರೈಕೆ ಮಾಡುವವ' ಎಂದು ಅದರ ಅರ್ಥ. ಆದರೆ ಮೊದಲಿನ ವರ್ಷಗಳಲ್ಲಿ ಆರೈಕೆ ಹೋಗಲಿ, ಕೈಹಚ್ಚುವುದೇ ತಪ್ಪಾಗಿತ್ತು. 1913ರಲ್ಲಿ ಯೂಜೀನ್ ಕ್ರಿಸ್ತೋಫ್ ಎಂಬ ಸವಾರನ ಸೈಕಲ್ಲಿನ ಫೋರ್ಕ್, ಅಂದರೆ ಮುಂಗಾಲಿಯನ್ನು ಹಿಡಿದುಕೊಳ್ಳುವ ಕವಲು, ತೂರ್ಮಾಲೆ ಎಂಬ ಬೆಟ್ಟದಲ್ಲಿ ಮುರಿಯಿತು. ಸೈಕಲ್ಲನ್ನು ಹೊತ್ತುಕೊಂಡು ಮೈಲಿಗಟ್ಟಲೆ ಇಳಿದು ಒಂದು ಹಳ್ಳಿಯ ಕುಲುಮೆ ಸೇರಿದ. ಬೇರೆಯವರು ಮುಟ್ಟುವಂತಿಲ್ಲ ಎಂಬ ನಿಯಮ, ಪಕ್ಕದಲ್ಲೇ ಅಧಿಕಾರಿಗಳ ಕಾವಲು. ತಾನೇ ಕಬ್ಬಿಣ ಕಾಯಿಸಿ, ಬಡಿದು, ಬೆಸೆದು ಮತ್ತೆ ಹೊರಟ. ಆದರೂ ಅವನಿಗೆ ಸಮಯದ ದಂಡ ಬಿತ್ತು. ಯಾಕೆ ಗೊತ್ತೇ? ಕುಲುಮೆಯ ತಿದಿ ಒತ್ತಿದವನು ಅಲ್ಲಿದ್ದ ಒಬ್ಬ ಪುಟ್ಟ ಹುಡುಗ! ಬ್ಯಾಂಕಿನಲ್ಲಿ ಐದು ಪೈಸೆಗೆ ಲೆಕ್ಕ ತಾಳೆಯಾಗದೆ ರಾತ್ರಿ ಒಂಬತ್ತರವರೆಗೆ ಕುಳಿತವನಾದ ನನಗೂ ಇದು ಅತಿಯಾಯಿತು ಅನ್ನಿಸಿತು.

ಈಗ ಅಷ್ಟು ಬಿಗಿಯಿಲ್ಲ. ಒಟ್ಟಿಗೆ ಓಡಿಸುವ ರೇಸಿನಲ್ಲಿ ಒಂದೇ ತಂಡದವರು ಒಬ್ಬರಿಗೊಬ್ಬರು ನೀರು ಕೊಡಬಹುದು, ಗಾಲಿಯನ್ನೂ ಕೊಡಬಹುದು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ವಿಜಯಪುರದಲ್ಲಿ ನಮಗೆ ಇಳಿದುಕೊಳ್ಳಲು ಒಂದು ಕಲ್ಯಾಣ ಮಂಟಪ ಕೊಟ್ಟಿದ್ದರು. ಮೇಲಿನ ಹಾಲಿನಲ್ಲಿ ಹುಡುಗಿಯರು, ಕೆಳಗೆ ಊಟದ ಹಾಲಿನಲ್ಲಿ ಸೈಕಲ್ಲುಗಳು, ಸೈಕಲ್ಲುಗಳ ಪಕ್ಕ ನಾನು. ಡಿಸೆಂಬರಿನ ಚಳಿ ಚೆನ್ನಾಗಿಯೇ ಇತ್ತು. ನಾಲ್ಕೂವರೆಗೆ ಎದ್ದು ನನ್ನ ಕೆಲಸ ಶುರು. ಐದು ಸೈಕಲ್ಲುಗಳ ಹವಾ ನೋಡುವುದು. ತೆಳ್ಳಗಿನ ಆ ಟೈರುಗಳಿಗೆ ನಮ್ಮ ಸೈಕಲ್ಲಿಗಿಂತ ಬಹಳ ಹೆಚ್ಚು ಒತ್ತಡ ಬೇಕು, ಪಂಪು ಒತ್ತಿ ಒತ್ತಿ ರಟ್ಟೆ ಸೋಲುತ್ತದೆ. ಆಮೇಲೆ ಹತ್ತು ಬಾಟಲಿ ತುಂಬುವುದು. ಒಬ್ಬೊಬ್ಬರಿಗೆ ಎರಡು, ಒಂದರಲ್ಲಿ ಬರಿ ನೀರು, ಇನ್ನೊಂದರಲ್ಲಿ ಸಕ್ಕರೆ, ಉಪ್ಪು, ಲಿಂಬೆಹಣ್ಣು. ತಿನ್ನಲು ಬಾಳೆಹಣ್ಣು, ವಿಜಯಪುರದ್ದೇ ಒಣದ್ರಾಕ್ಷಿ, ಜೊತೆಗೆ ನಮ್ಮ ಮನೆಯವರು ಕಟ್ಟಿಕೊಟ್ಟಿದ್ದ ಶೇಂಗಾ ಹೋಳಿಗೆ. ಹೋಳಿಗೆಯನ್ನು ನಾಲ್ಕು ತುಂಡು ಮಾಡಿ ಒಂದೊಂದನ್ನೂ ಕಾಗದದಲ್ಲಿ ಸುತ್ತಿ, ಅಂಗಿಯ ಹಿಂದಿನ ಜೇಬಿಗೆ ಹಾಕಿಕೊಳ್ಳುವಂತೆ ಮಾಡಿದೆ. ಪೇಟೆಯಲ್ಲಿ ಸಿಗುವ ಬಣ್ಣದ ಪೊಟ್ಟಣಗಳಲ್ಲಿ ಇರುವುದಾದರೂ ಏನು? ಸಕ್ಕರೆಯೇ. ನಮ್ಮ ಹೋಳಿಗೆಯಲ್ಲಿ ಬೆಲ್ಲ. ಕೋಚ್ ಮೊದಲು ಮುಖ ಸಿಂಡರಿಸಿದರು, ಎರಡನೆಯ ದಿನ ತಾವೇ ಎರಡು ತುಂಡು ಕೇಳಿ ಇಸಿದುಕೊಂಡರು.

ಇವೆಲ್ಲವನ್ನೂ ನಾನು ಒಂದು ನೋಟುಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಯಾರಿಗೆ ಎಷ್ಟು ಬಾಟಲಿ ಹೋಯಿತು, ಎಷ್ಟು ಮರಳಿ ಬಂತು, ಯಾರು ಎಷ್ಟು ಗಂಟೆಗೆ ಮಲಗಿದರು. ಹುಡುಗಿಯರು ಅದಕ್ಕೆ 'ಅಜ್ಜನ ಲೆಡ್ಜರ್' ಎಂದು ಹೆಸರಿಟ್ಟರು.

ಮೊದಲ ದಿನದ ಬಗ್ಗೆ ಹೆಚ್ಚು ಹೇಳುವುದಿಲ್ಲ. 16 ಕಿಲೊಮೀಟರ್, ನಿಮಿಷಕ್ಕೊಬ್ಬರಂತೆ ಬಿಡುತ್ತಾರೆ, ಮುಂದಿನವರ ಬೆನ್ನ ಹಿಂದೆ ಸೇರಿಕೊಳ್ಳುವಂತಿಲ್ಲ. ನಮ್ಮ ತಂಡದ ಮುಧೋಳದ ಹುಡುಗಿ 25 ನಿಮಿಷ 40 ಸೆಕೆಂಡಿನಲ್ಲಿ ಮುಗಿಸಿ ಮೊದಲಿಗಳಾದಳು. ನನ್ನ ಮೊಮ್ಮಗಳು 26 ನಿಮಿಷ 12 ಸೆಕೆಂಡ್, ಮೂರನೆಯವಳು. ಆ ಸಂಜೆ ಮಗನಿಗೆ ಫೋನ್ ಮಾಡಿ ಹೇಳಿದಾಗ ಆ ಕಡೆಯಿಂದ ಎರಡು ಸಲ "ಮೂರನೇದು? ಮೂರನೇದು?" ಎಂದು ಕೇಳಿದ. ನಾಲ್ವರಿಗೆ ಆಯ್ಕೆ, ಇವಳು ಮೂರನೆಯವಳು. ಲೆಕ್ಕ ಅವನಿಗೂ ಬರುತ್ತದೆ. ಆ ಸೈಕಲ್ಲಿಗೆ ಅವನು ಒಂದು ಲಕ್ಷ ನಲವತ್ತು ಸಾವಿರ ಕೊಟ್ಟಿದ್ದ, ಅದರಲ್ಲಿ ಅರ್ಧ ಸಾಲ.

ಎರಡನೆಯ ದಿನ ಬೆಳಿಗ್ಗೆ ಕೋಚ್ ಐವರನ್ನೂ ಕೂಡಿಸಿ ಹೇಳಿದರು: "ಮುಧೋಳದಾಕಿ ಮೊದಲನೇ ಸ್ಥಾನದಾಗ ಅದಾಳ. ಇವತ್ತ ಎಲ್ಲಾರೂ ಅಕಿಗೆ ಗಾಳಿ ತಪ್ಪಿಸ್ಬೇಕು." ಗಾಳಿ ತಪ್ಪಿಸುವುದೆಂದರೆ ಏನು ಅಂತ ಮಕ್ಕಳಿಗೆ ಹೇಳುತ್ತೇನೆ. ವೇಗವಾಗಿ ಹೋಗುವಾಗ ಸವಾರನ ಶಕ್ತಿಯೆಲ್ಲ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ಹೋಗುತ್ತದೆ. ಮುಂದೆ ಒಬ್ಬರಿದ್ದು, ಅವರ ಹಿಂಗಾಲಿಗೆ ಒಂದು ಮೊಳ ಹಿಂದೆ ನೀವಿದ್ದರೆ ನಿಮ್ಮ ಶ್ರಮ ಸುಮಾರು ಮೂರರಲ್ಲಿ ಒಂದು ಪಾಲು ಉಳಿಯುತ್ತದೆ. ಆ ಉಳಿತಾಯವನ್ನು ನೀವು ಕೊನೆಯ ಒಂದು ಕಿಲೊಮೀಟರಿನಲ್ಲಿ ಖರ್ಚು ಮಾಡಬಹುದು. ಮುಂದಿರುವವರ ಖಾತೆಯಿಂದ ಹಿಂದಿರುವವರ ಖಾತೆಗೆ ಜಮಾ ಎಂದು ನಾನು ಅರ್ಥಮಾಡಿಕೊಂಡೆ.

ರೇಸ್ ಬಬಲೇಶ್ವರದ ಕಡೆಗೆ 27 ಕಿಲೊಮೀಟರ್ ಹೋಗಿ ಅದೇ ದಾರಿಯಲ್ಲಿ ಮರಳುವುದು. ಬಾಟಲಿ ಕೊಡಲು ಗೊತ್ತುಮಾಡಿದ ಜಾಗ 18ನೆಯ ಕಿಲೊಮೀಟರಿನಲ್ಲಿ, ಒಂದು ಜಾಲಿಮರದ ಹತ್ತಿರ. ಹೋಗುವಾಗ ಒಮ್ಮೆ, ಬರುವಾಗ 36ನೆಯ ಕಿಲೊಮೀಟರಿಗೆ ಇನ್ನೊಮ್ಮೆ ಅವರು ನಮ್ಮ ಮುಂದೆ ಹಾಯುತ್ತಾರೆ. ನನ್ನಂತೆ ಬೇರೆ ತಂಡಗಳ ಅಪ್ಪಂದಿರು, ಕಾಕಾಗಳು, ಒಬ್ಬ ತಾಯಿಯೂ ಬಾಟಲಿ ಹಿಡಿದು ಸಾಲಾಗಿ ನಿಂತಿದ್ದರು. ಎರಡೂ ಬದಿಗೆ ತೆನೆ ಹೊತ್ತ ಬಿಳಿಜೋಳ. ಕಬ್ಬು ಕಡಿಯುವ ಕಾಲವಾದ್ದರಿಂದ ಎರಡೆರಡು ಟ್ರೇಲರಿಗೆ ಏರಿಸಿಕೊಂಡ ಟ್ರ್ಯಾಕ್ಟರುಗಳು ಬಿಡುವಿಲ್ಲದೆ ಹೋಗುತ್ತಿದ್ದವು. ಪೊಲೀಸರು ತಡೆದು ನಿಲ್ಲಿಸಿದರೂ ಸಂದಿಯಲ್ಲಿ ಒಂದೆರಡು ನುಗ್ಗುತ್ತಿದ್ದವು.

ಮೊದಲ ಸಲ ಗುಂಪು ಬಂದಾಗ ಎಲ್ಲ ಸರಿಯಾಯಿತು. ಐದು ಬಾಟಲಿ ಚಾಚಿದೆ, ನಾಲ್ಕು ಕೈಸೇರಿದವು. ಬಿದ್ದ ಐದನೆಯದರ ಹುಡುಗಿ "ಇರ್ಲಿ ಅಜ್ಜಾ" ಎಂದು ಕೂಗುತ್ತಲೇ ಹೋದಳು. ಬಾಟಲಿ ಆರಿಸಿಕೊಂಡು, ಮತ್ತೆ ಐದನ್ನು ಸಾಲಾಗಿ ಇಟ್ಟು, ಗಡಿಯಾರ ನೋಡುತ್ತ ನಿಂತೆ.

ಎರಡನೆಯ ಸಲ ಗುಂಪು ಬಂತು. ಈಗ ಹದಿನೈದು ಮಂದಿ ಮಾತ್ರ. ನಮ್ಮ ಹಸಿರು ಅಂಗಿ ಎರಡು ಕಂಡವು. ಮುಧೋಳದ ಹುಡುಗಿ ಇದ್ದಳು, ಇನ್ನೊಬ್ಬಳಿದ್ದಳು. ನನ್ನ ಮೊಮ್ಮಗಳಿರಲಿಲ್ಲ. ಮುಧೋಳದ ಹುಡುಗಿ ಬಾಟಲಿ ಕಸಿದುಕೊಳ್ಳುವಾಗ ನನ್ನ ಕಣ್ಣು ಅವಳ ಮುಂಗಾಲಿಗೆ ಹೋಯಿತು. ಗಾಲಿಯ ನಡುವೆ ಕೆಂಪು ದಾರ.

ಹಿಂದೆ ಸೈಕಲ್ಲುಗಳ ಗಾಲಿಯ ನಡುವೆ ಬಣ್ಣದ ಕುಚ್ಚು ಹಾಕುತ್ತಿದ್ದೆವಲ್ಲ, ಅದನ್ನು ನೆನೆದು ನಮ್ಮ ಮನೆಯವರು ಆಯುಧಪೂಜೆಯ ದಿನ ಮೊಮ್ಮಗಳ ಸೈಕಲ್ಲಿಗೆ ಅಲ್ಲಿ ಕೆಂಪು ದಾರ ಸುತ್ತಿದ್ದರು. ಆ ಗಾಲಿ ಇವಳ ಸೈಕಲ್ಲಿಗೆ ಹೇಗೆ ಬಂತು? ಗುಂಪು ತಿರುವು ದಾಟಿ ಮರೆಯಾಗುವ ಹೊತ್ತಿಗೆ ನನಗೆ ತಿಳಿಯಿತು.

ನಡೆದದ್ದನ್ನು ಆಮೇಲೆ ಕೋಚ್ ಹೇಳಿದರು. ಮೂವತ್ತನೆಯ ಕಿಲೊಮೀಟರಿನಲ್ಲಿ ಮುಧೋಳದ ಹುಡುಗಿಯ ಮುಂದಿನ ಗಾಲಿ ಪಂಕ್ಚರ್ ಆಯಿತು, ಜಾಲಿಮುಳ್ಳು. ಗಾಲಿಗಳಿದ್ದ ನಮ್ಮ ಜೀಪು ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡಿತ್ತು. ಮೊಮ್ಮಗಳು ನಿಂತು, ತನ್ನ ಮುಂಗಾಲಿಯ ಸನ್ನೆ ಎತ್ತಿ ಬಿಚ್ಚಿ ಅವಳಿಗೆ ಹಾಕಿ ಕಳಿಸಿದಳು. ಅರ್ಧ ನಿಮಿಷದ ಕೆಲಸ. ಆಮೇಲೆ ಮುಂಗಾಲಿ ಇಲ್ಲದ ಸೈಕಲ್ಲನ್ನು ಹಿಡಿದುಕೊಂಡು ಜೋಳದ ಹೊಲದ ಬದುವಿನಲ್ಲಿ ಜೀಪಿಗಾಗಿ ಕಾದಳು.

ಗುಂಪು ಹೋಗಿ 4 ನಿಮಿಷ 50 ಸೆಕೆಂಡಿಗೆ ಅವಳು ಒಬ್ಬಳೇ ಬಂದಳು. ಮರಳುವ ದಾರಿಯಲ್ಲಿ ಗಾಳಿ ಎದುರಿಗಿತ್ತು, ತಲೆ ಹ್ಯಾಂಡಲ್ ಮೇಲೆ ಬಗ್ಗಿತ್ತು. ಮುಖದ ಮೇಲೆ ಧೂಳು, ಧೂಳಿನ ಮೇಲೆ ಎರಡು ಗೆರೆ. ಬೆವರೋ ಕಣ್ಣೀರೋ ನಾನು ಕೇಳಲಿಲ್ಲ. ಬೇರೆ ತಂಡದವರೆಲ್ಲ ಬುಟ್ಟಿ ಕಟ್ಟಿಕೊಂಡು ಹೊರಟಿದ್ದರು. ಬಾಟಲಿ ಚಾಚಿ ನಾಲ್ಕು ಹೆಜ್ಜೆ ಹಾಕಿದೆ. ತೆಗೆದುಕೊಂಡಳು.

"ಅಜ್ಜಾ, ಹೋಳಿಗಿ!" ಎಂದಳು.

ಅದು ನನ್ನ ಇನ್ನೊಂದು ಕೈಯಲ್ಲೇ ಇತ್ತು. ಅದಕ್ಕಾಗಿ ಇನ್ನೂ ಆರು ಹೆಜ್ಜೆ ಓಡಿದೆ. ಎಪ್ಪತ್ತಮೂರು ವರ್ಷದ ಮೊಣಕಾಲಿಗೆ ಅದು ರಾತ್ರಿ ನೆನಪಾಯಿತು.

ಮುಧೋಳದ ಹುಡುಗಿ ಎರಡನೆಯವಳಾಗಿ ಗೆರೆ ದಾಟಿದಳು, ಒಟ್ಟು ಲೆಕ್ಕದಲ್ಲಿ ಮೊದಲ ಸ್ಥಾನ ಉಳಿಯಿತು. ಮೊಮ್ಮಗಳು ಗೆದ್ದವಳಿಗಿಂತ 6 ನಿಮಿಷ 20 ಸೆಕೆಂಡ್ ತಡವಾಗಿ ಹತ್ತೊಂಬತ್ತನೆಯವಳು. ಫಲಿತಾಂಶದ ಹಾಳೆಯಲ್ಲಿ ಅವಳ ಹೆಸರಿನ ಮುಂದೆ 19 ಎಂದಷ್ಟೇ ಇತ್ತು. ಬ್ಯಾಂಕಿನಲ್ಲಾದರೆ ಷರಾ ಬರೆಯಲು ಒಂದು ಕಾಲಂ ಇರುತ್ತದೆ, ಆ ಹಾಳೆಯಲ್ಲಿ ಅದೂ ಇರಲಿಲ್ಲ. ನನ್ನ ಲೆಡ್ಜರಿನಲ್ಲಿ ನಾನು ಬರೆದುಕೊಂಡೆ.

ರಾತ್ರಿ ಮಗನ ಫೋನ್ ಬಂತು. ಸುದ್ದಿ ಯಾರೋ ಮುಟ್ಟಿಸಿದ್ದರು.

"ಅಪ್ಪಾ, ಗಾಲಿ ಅಕೀನ ಕೊಟ್ಲಂತಲ್ಲ? ಯಾರ ಹೇಳಿದ್ರು ಕೊಡು ಅಂತ?"

"ಯಾರೂ ಹೇಳಿಲ್ಲ. ಅಲ್ಲಿ ಹೇಳಾಕ ಯಾರೂ ಇರ್ಲಿಲ್ಲ."

"ಮತ್ತ ಯಾಕ ಕೊಟ್ಲು? ಈ ವರ್ಷ ತಪ್ಪಿದ್ರ ಮುಂದಿನ ವರ್ಷ ಹತ್ತನೇತ್ತೆ ಮುಗಿದು ಕಾಲೇಜು... ಫೋನ್ ಅಕೀ ಕೈಯಾಗ ಕೊಡು."

"ನಾಳೆ ರೇಸ್ ಐತಿ. ಅಕಿ ಮಲಗ್ಯಾಳ. ನಾಡದ ಮಾತಾಡು."

ಅವಳು ಮಲಗಿರಲಿಲ್ಲ, ನನ್ನ ಎದುರಿಗೇ ಕುಳಿತು ಚೈನು ಒರೆಸುತ್ತಿದ್ದಳು. ನಾನು ಫೋನ್ ಕೆಳಗಿಟ್ಟ ಮೇಲೂ ತಲೆ ಎತ್ತಲಿಲ್ಲ. ಮಗನ ಮೇಲೆ ನನಗೆ ಸಿಟ್ಟಿಲ್ಲ. ಸಾಲದ ಕಂತು ಕಟ್ಟುವವನು ಅವನು.

ಸ್ವಲ್ಪ ಹೊತ್ತಿನ ಮೇಲೆ ಅವಳಿಗೆ ರೆನೆ ವಿಯೆತ್ತೋ ಎಂಬ ಹುಡುಗನ ಕಥೆ ಹೇಳಿದೆ. 1934ರ ಟೂರ್ ದ ಫ್ರಾನ್ಸ್. ಅವನಿಗೆ ಇಪ್ಪತ್ತು ವರ್ಷ, ಬೆಟ್ಟ ಹತ್ತುವುದರಲ್ಲಿ ಅವನಂಥವರಿರಲಿಲ್ಲ. ಪಿರೆನೀಸ್ ಬೆಟ್ಟಗಳಲ್ಲಿ ಅವನ ತಂಡದ ನಾಯಕ ಅಂತೊನಾಂ ಮಾನ್ಯನ ಗಾಲಿ ಮುರಿಯಿತು. ವಿಯೆತ್ತೋ ತನ್ನ ಮುಂಗಾಲಿ ಬಿಚ್ಚಿ ಕೊಟ್ಟ. ನೆರವಿನ ಗಾಡಿ ಬರುವವರೆಗೆ ರಸ್ತೆಬದಿಯ ಗೋಡೆಯ ಮೇಲೆ ಕುಳಿತು ಅತ್ತ. ಆ ಫೋಟೊ ಇವತ್ತಿಗೂ ಇದೆ. ಮರುದಿನ ನಾಯಕನಿಗೆ ಮತ್ತೆ ತೊಂದರೆಯಾದಾಗ, ಮುಂದೆ ಹೋಗಿದ್ದವನು ತಿರುಗಿ ಬೆಟ್ಟ ಹತ್ತಿ ಹೋಗಿ ಮತ್ತೆ ನೆರವಾದ. ಆ ವರ್ಷ ಗೆದ್ದವನು ಮಾನ್ಯ.

"ಗಾಲಿ ಕೊಟ್ಟಾವ ಎಷ್ಟನೇದವ ಆದ?"

"ಐದನೇದವ. ಬೆಟ್ಟ ಹತ್ತೂದರ ಬಹುಮಾನ ಮಾತ್ರ ಅವಗ ಬಂತು."

"ಆಮ್ಯಾಲ ಎಂದರ ಗೆದ್ದನೇನು?"

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಇಲ್ಲವಾ. ಟೂರ್ ದ ಫ್ರಾನ್ಸ್ ಅವಂಗ ಎಂದೂ ದಕ್ಕಲಿಲ್ಲ."

ಅವಳು ಚೈನಿಗೆ ಎಣ್ಣೆ ಹಾಕಿದಳು. "ನಾ ಅಳ್ಲಿಲ್ಲ ಬಿಡು ಅಜ್ಜಾ," ಎಂದಳು. "ಗಾಲಿ ಬರೂತನಕ ಹೊಲದಾಗ ಒಬ್ಬಾಕಿ ಮುದುಕಿ ಇದ್ಲು. ಸೀತನಿ ಇಲ್ಲವ, ಇನ್ನಾ ತೆನಿ ಬಲತಿಲ್ಲ ಅಂತ ಹೇಳ್ಕೋತ ನಿಂತಿದ್ಲು. ನಾ ಕೇಳೇ ಇರ್ಲಿಲ್ಲ."

ಇಬ್ಬರೂ ನಕ್ಕೆವು. ಆಗ ಮೆಟ್ಟಿಲಲ್ಲಿ ಯಾರೋ ನಿಂತಂತಾಯಿತು. ಮುಧೋಳದ ಹುಡುಗಿ, ಕೈಯಲ್ಲಿ ಗಾಲಿ. ಕಡ್ಡಿಗಳನ್ನೆಲ್ಲ ಒರೆಸಿ ಮಿಂಚುವಂತೆ ಮಾಡಿದ್ದಳು. ಕೆಂಪು ದಾರವನ್ನು ತೊಳೆದಿದ್ದಳು, ಇನ್ನೂ ಒದ್ದೆಯಿತ್ತು.

"ಅಜ್ಜಾರ, ದಾರ ಬಣ್ಣ ಬಿಡ್ತು," ಎಂದಳು. ಬೇರೆ ಏನೋ ಹೇಳಲು ಬಂದವಳು ಅಷ್ಟೇ ಹೇಳಿ ಗಾಲಿಯನ್ನು ಗೋಡೆಗೆ ಒರಗಿಸಿದಳು. ಮೊಮ್ಮಗಳು ಸರಿದು ಜಾಗ ಮಾಡಿದಳು. ಇಬ್ಬರೂ ಕೂಡಿ ಉಳಿದ ಸೈಕಲ್ಲುಗಳ ಚೈನು ಒರೆಸಿದರು. ಹತ್ತು ಗಂಟೆಗೆ ನಾನೇ ಗದರಿಸಿ ಮೇಲೆ ಕಳಿಸಬೇಕಾಯಿತು. 'ಮಲಗಿದ ಸಮಯ: 10.05' ಎಂದು ಲೆಡ್ಜರ್ ಹೇಳುತ್ತದೆ.

ಮೂರನೆಯ ದಿನ ಒಂದೂವರೆ ಕಿಲೊಮೀಟರಿನ ಸುತ್ತು, ಇಪ್ಪತ್ತು ಸಲ. ಐದು ಸುತ್ತಿಗೊಮ್ಮೆ ಗೆರೆ ಮೊದಲು ದಾಟಿದವರಿಗೆ ಅಂಕ. ಊರಿನ ಜನ ಸೇರಿದ್ದರು, ಮಿರ್ಚಿಯ ಗಾಡಿಯೂ ಬಂದಿತ್ತು. ಇಲ್ಲಿ ಬಾಟಲಿಯ ಕೆಲಸವಿಲ್ಲ, ಸುತ್ತು ಎಣಿಸಿ ಕೂಗಿ ಹೇಳುವುದಷ್ಟೇ. ನೋಟು ಎಣಿಸಿದ ಬಾಯಿಗೆ ಅದೇನು ಕಷ್ಟ! ಮೊಮ್ಮಗಳು ಹತ್ತನೆಯ ಸುತ್ತಿನಲ್ಲಿ ಮೊದಲು ದಾಟಿ ಐದು ಅಂಕ ಪಡೆದಳು, ಹದಿನೈದನೆಯದರಲ್ಲಿ ಮೂರು. ಕೊನೆಯ ಸುತ್ತಿನಲ್ಲಿ ತಿರುವಿನ ಹೊರಬದಿಗೆ ಸಿಕ್ಕಿಬಿದ್ದು ಅಂಕ ಸಿಗಲಿಲ್ಲ.

ಮಧ್ಯಾಹ್ನ ಮೂರಕ್ಕೆ ಪಟ್ಟಿ ಅಂಟಿಸಿದರು. ಮುಧೋಳದ ಹುಡುಗಿ ಮೊದಲು, ನಾಲ್ಕನೆಯವರೆಗೆ ಆಯ್ಕೆ. ಐದು ಮತ್ತು ಆರು ಮೀಸಲು. ಆರನೆಯ ಹೆಸರು ನಮ್ಮದು. ನಾಲ್ಕನೆಯವಳಿಗೂ ಇವಳಿಗೂ ಮೂರು ಅಂಕದ ಅಂತರ. ಮೊಮ್ಮಗಳು ಪಟ್ಟಿಯನ್ನು ಒಮ್ಮೆ ಓದಿ, ಬೆರಳಿಟ್ಟು ಇನ್ನೊಮ್ಮೆ ಓದಿ, ಬಾಟಲಿಗಳನ್ನು ಎಣಿಸಲು ನನ್ನ ಹತ್ತಿರ ಬಂದಳು. ಮೂವತ್ತು ತುಂಬಿಸಿದ್ದೆವು, ಇಪ್ಪತ್ತಾರು ಸಿಕ್ಕವು.

ಮೀಸಲಿನವರೂ ತರಬೇತಿ ಶಿಬಿರಕ್ಕೆ ಬರಬೇಕು, ಯಾರಿಗಾದರೂ ಜ್ವರ ಬಂದರೆ, ಬಿದ್ದು ಪೆಟ್ಟಾದರೆ ಅವರ ಸರದಿ ಎಂದು ಕೋಚ್ ಹೇಳಿದ್ದಾರೆ. ಬೇರೆಯವರಿಗೆ ಜ್ವರ ಬರಲಿ ಎಂದು ಬಯಸುವಂತಿಲ್ಲವಲ್ಲ, ಹಾಗಾಗಿ ನಮ್ಮ ಮನೆಯವರು ದೇವರ ಮುಂದೆ ಏನು ಬೇಡುವುದೆಂದು ತಿಳಿಯದೆ ಸುಮ್ಮನೆ ದೀಪ ಹಚ್ಚುತ್ತಿದ್ದಾರೆ. ಮಗ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಅಂಗಡಿಯಿಂದ ಬರುವಾಗ ಮುಳ್ಳು ತಾಗಿದರೂ ಬೇಗ ಹವಾ ಹೋಗದ ಒಂದು ಜೊತೆ ಟೈರು ತಂದು, ಏನೂ ಹೇಳದೆ ಸೈಕಲ್ಲಿನ ಹ್ಯಾಂಡಲಿಗೆ ತೂಗುಹಾಕಿ ಊಟಕ್ಕೆ ಕುಳಿತ.

ಶಿಬಿರ ಮುಂದಿನ ತಿಂಗಳ ಮೊದಲ ವಾರ. ಮುಧೋಳದಿಂದ ಫೋನ್ ಬಂದಿತ್ತು, ಹೋಳಿಗೆ ಇಬ್ಬರಿಗೂ ಸಾಕಾಗುವಷ್ಟು ತರಬೇಕಂತೆ.